ಆಗಸ್ಟ್‌ನಲ್ಲಿ ಹಾಡಿದ ಕ್ರಿಸ್‌ಮಸ್

ಡಿಸೆಂಬರ್ ಬಂತಂದ್ರೆ ನಮ್ಮೂರಿನ ಎಸ್.ಎಸ್. ಬಡಾವಣೆಯ ಬೇಕರೀಲಿ ಪ್ಲಮ್ ಕೇಕ್, ಹರಿಹರದ ಆರೋಗ್ಯ ಮಾತೆ ಚರ್ಚ್‌ನಲ್ಲಿ ದೀಪ, ಫೋನ್ ತೆಗೆದ್ರೆ ಅದೇ ಹಾಡು: ಅಮೆರಿಕದ ಗಾಯಕಿ ಮರಾಯಾ ಕ್ಯಾರಿಯ ‘ಆಲ್ ಐ ವಾಂಟ್ ಫಾರ್ ಕ್ರಿಸ್‌ಮಸ್ ಈಸ್ ಯೂ’.

ಇದು 1994ರ ‘ಮೆರ್ರಿ ಕ್ರಿಸ್‌ಮಸ್’ ಆಲ್ಬಮ್‌ದು. ಹಬ್ಬದ ಆಲ್ಬಮ್ ಅಂದ್ರೆ ಕಾಲ ಮುಗಿದ ಗಾಯಕರ ಕೆಲಸ ಅನ್ನೋ ಮಾತಿದ್ದ ಕಾಲ. ಮರಾಯಾಗೆ ಇನ್ನೂ 25, ಹೆಸರು ಉತ್ತುಂಗದಲ್ಲಿತ್ತು. ಆದ್ರೂ ಧೈರ್ಯ ಮಾಡಿದ್ರು. ನವೆಂಬರ್ 1ಕ್ಕೆ ಆಲ್ಬಮ್ ಅಂಗಡಿ ಸೇರಬೇಕಲ್ಲ, ಆಗಸ್ಟ್‌ನಲ್ಲಿ, ನಮ್ಮಲ್ಲಿ ಶ್ರಾವಣ ನಡೀವಾಗ ಅಲ್ಲಿ ರೆಕಾರ್ಡಿಂಗ್!

ಈಗ ಕಿವಿಗೊಟ್ಟು ಕೇಳಿ. ಶುರುವಿನ ಆ ಕಿಣಿಕಿಣಿ, ಆಮೇಲಿನ ಪಿಯಾನೊ, ಡ್ರಮ್ಸ್, ಎಲ್ಲಾ ಮರಾಯಾ ಜೊತೆಗೂಡಿ ಹಾಡು ಕಟ್ಟಿದ ವಾಲ್ಟರ್ ಅಫಾನಾಸಿಯೆಫ್ ಕೀಬೋರ್ಡ್, ಕಂಪ್ಯೂಟರ್‌ನಲ್ಲಿ ಕೂಡಿಸಿದ್ದು. ಮನುಷ್ಯರದ್ದು ದನಿ ಮಾತ್ರ. ಎಂಥಾ ದನಿ ನೋಡಿ! ಉಳಿದಿದ್ದು ಯಂತ್ರದ ಸದ್ದು ಅಂತ ಗೊತ್ತೇ ಆಗಲ್ಲ.

ಅಮೆರಿಕದಲ್ಲಿ ಆಗ ಈ ಹಾಡನ್ನು ಬಿಡಿಯಾಗಿ ಸಿಂಗಲ್ ಅಂತ ಮಾರಲಿಲ್ಲ. ಸಿಂಗಲ್ ಮಾರದಿದ್ರೆ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಪ್ರವೇಶವಿಲ್ಲ, ಅಂದಿನ ನಿಯಮ ಹಾಗಿತ್ತು. ಜನ ಕೇಳ್ತಾನೇ ಇದ್ರು, ಪಟ್ಟಿಯಲ್ಲಿ ಹೆಸರಿಲ್ಲ. ಮುಂದೆ ನಿಯಮ ಬದಲಾಯ್ತು, ಸ್ಟ್ರೀಮಿಂಗ್ ಬಂತು. 2019ರ ಡಿಸೆಂಬರ್, ಅಂದ್ರೆ 25 ವರ್ಷದ ಮೇಲೆ, ಮೊದಲ ಸ್ಥಾನ! ಆಮೇಲಿನ ಡಿಸೆಂಬರ್‌ಗಳಲ್ಲೂ ಮತ್ತೆ ಮತ್ತೆ ಅಲ್ಲಿಗೇ ಏರಿದೆ.