ಗೋಡೆಗೆ ಒರಗಿದ ಹಸಿರುಮನೆ: ಗಾಜೋ, ಶೇಡ್‌ನೆಟ್ಟೋ?

ಪ್ರಶ್ನೆ: ಸಿದ್ದಾಪುರದ ನಮ್ಮ ಪುಟ್ಟ ಹಿತ್ತಲಲ್ಲಿ ಮನೆಗೋಡೆಗೆ ತಾಗಿಸಿ ಗಾಜಿನ ಹಸಿರುಮನೆ ಕಟ್ಟಿಸಬಹುದೇ?

ಉತ್ತರ: ಗಾಜು ಬೇಡ. ಇಂಗ್ಲೆಂಡಿನಂಥ ಚಳಿನಾಡಿನಲ್ಲಿ ಹಗಲು ಬಿಸಿಲು ಕುಡಿದ ದಕ್ಷಿಣದ ಗೋಡೆ ರಾತ್ರಿ ಗಿಡಗಳನ್ನು ಬೆಚ್ಚಗಿಡುತ್ತದೆ. ನಿಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಏಪ್ರಿಲ್‌ನಲ್ಲಿ ಅದೇ ಗೋಡೆ ಸಸಿಗಳನ್ನು ಬೇಯಿಸೀತು. ಬೆಂಗಳೂರಿನಂಥ ತಂಪೂರಿನ ಲಾಲ್‌ಬಾಗ್ ಗಾಜಿನಮನೆಯೂ ಸುತ್ತ ತೆರೆದೇ ಇದೆ, ನೋಡಿ! ಇಲ್ಲಿಗೆ ಶೇ 50ರಷ್ಟು ಬಿಸಿಲು ತಡೆಯುವ ಶೇಡ್‌ನೆಟ್ಟಿನ ಇಳಿಜಾರು ಚಪ್ಪರವೇ ಸರಿ. ಪೂರ್ವದ ಗೋಡೆ ಆರಿಸಿ: ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮನೆಯೇ ನೆರಳು. ಉತ್ತರದ ಗೋಡೆ ಸದಾ ತಂಪೆಂಬ ಮಾತು ನಮ್ಮಲ್ಲಿ ನಿಲ್ಲದು. ಮೇಯಿಂದ ಜುಲೈವರೆಗೆ ನಡುಹಗಲ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಗೋಡೆಯ ಬದಿ, ಮೇಲ್ತುದಿಯಲ್ಲಿ ಗೇಣಗಲ ತೆರಪು ಬಿಡಿ, ಬಿಸಿಗಾಳಿ ಹೊರಹೋಗಲಿ. ಆಷಾಢದ ಗಾಳಿ ಗೊತ್ತಲ್ಲ, ಕಂಬದ ಪೈಪುಗಳನ್ನು ಕಾಂಕ್ರೀಟಿನಲ್ಲೇ ನಿಲ್ಲಿಸಿ.