ಸೆಟೊ ಒಳಗಡಲು

ಜಪಾನಿನ ಹೊನ್ಷು, ಶಿಕೋಕು, ಕ್ಯೂಷು ದ್ವೀಪಗಳ ನಡುವೆ ಸೆಟೊ ಎಂಬ ಒಳಗಡಲು ಹಬ್ಬಿದೆ. ಇಕ್ಕಟ್ಟಾದ ಕೆಲವು ಜಲಸಂಧಿಗಳ ಮೂಲಕ ಮಾತ್ರ ಅದು ಹೊರಸಾಗರವನ್ನು ಕೂಡುತ್ತದೆ. ಅದರ ಸರಾಸರಿ ಆಳ ಸುಮಾರು 38 ಮೀಟರು. ನದಿಗಳು ಹೊತ್ತು ತರುವ ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳನ್ನು ಉಬ್ಬರವಿಳಿತದ ಸೆಳೆತವು ಕಲಕಿ ಹರಡುತ್ತದೆ. ನರುಟೊ ಜಲಸಂಧಿಯಲ್ಲಿ ಈ ಸೆಳೆತ ಭಾರಿ ಸುಳಿಗಳನ್ನೇ ಎಬ್ಬಿಸುತ್ತದೆ. ಆ ಪೋಷಕಾಂಶಗಳನ್ನುಂಡು ಸೂಕ್ಷ್ಮಸಸ್ಯಗಳೂ, ಅವುಗಳನ್ನುಂಡು ಸಣ್ಣ ಜೀವಿಗಳೂ, ಅವುಗಳ ಆಧಾರದಿಂದ ಮೀನುಗಳೂ ಬೆಳೆಯುತ್ತವೆ. ಬೆನ್ನಿನ ಮೇಲೆ ರೆಕ್ಕೆಯಿಲ್ಲದ, ಡಾಲ್ಫಿನ್‌ಗಳ ಹತ್ತಿರದ ಬಂಧುವಾದ ಸುನಾಮೆರಿ ಇಲ್ಲಿಯ ನಿವಾಸಿ. ಕುದುರೆಲಾಳದ ಏಡಿಯೂ ಇಲ್ಲುಂಟು. ಹೆಸರಿಗೆ ಏಡಿಯಾದರೂ ಅದು ಜೇಡ, ಚೇಳುಗಳ ಸಂಬಂಧಿ.

1934ರಲ್ಲಿಯೇ ಈ ಕಡಲಿನ ಒಂದು ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ನೋಟದ ಚೆಲುವನ್ನು ಕಾಯ್ದ ಮಾತ್ರಕ್ಕೆ ನೀರನ್ನು ಕಾಯ್ದಂತಾಗಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ದಡದುದ್ದಕ್ಕೂ ಕಾರ್ಖಾನೆಗಳು ಎದ್ದವು. ಅವುಗಳ ಕೊಳೆಯೂ ನಗರಗಳ ಚರಂಡಿನೀರೂ ಕಡಲನ್ನು ಸೇರಿದವು. ಪೋಷಕಾಂಶಗಳು ಮಿತಿಮೀರಿದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಹೆಚ್ಚಿ ನೀರು ಕೆಂಬಣ್ಣಕ್ಕೆ ತಿರುಗುತ್ತದೆ. ಮೀನುಗಳ ಕಿವಿರು ಕೆಟ್ಟು ಉಸಿರುಕಟ್ಟುತ್ತದೆ. 1972ರ ಬೇಸಗೆಯಲ್ಲಿ ಹರಿಮಾ ಭಾಗದಲ್ಲಿ ಹೀಗೆ ಸತ್ತ ಸಾಕುಮೀನುಗಳ ಸಂಖ್ಯೆ ಸುಮಾರು 1 ಕೋಟಿ 40 ಲಕ್ಷ. ಮರುವರ್ಷವೇ ಜಪಾನ್ ಸರ್ಕಾರ ಈ ಕಡಲಿನ ರಕ್ಷಣೆಗಾಗಿ ತಾತ್ಕಾಲಿಕ ಶಾಸನವೊಂದನ್ನು ಮಾಡಿತು. 1978ರಲ್ಲಿ ಅದು ಶಾಶ್ವತವಾಯಿತು. ಕಾರ್ಖಾನೆಗಳು ಕೊಳೆಯನ್ನು ಶುದ್ಧಿಗೊಳಿಸಲೇಬೇಕಾಯಿತು. ಕ್ರಮೇಣ ನೀರು ತಿಳಿಯಾಯಿತು, ಕೆಂಪು ನೀರಿನ ಹಾವಳಿಯೂ ಬಹುಮಟ್ಟಿಗೆ ತಗ್ಗಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ತಿಳಿನೀರಿನಲ್ಲಿ ಬೇರೊಂದು ಕೊರತೆ ತಲೆದೋರಿತು. ಜಪಾನೀಯರು ಹಾಳೆಯಂತೆ ಒಣಗಿಸಿ ಅನ್ನಕ್ಕೆ ಸುತ್ತಿ ತಿನ್ನುವ ನೋರಿ ಎಂಬ ಕಡಲಪಾಚಿ, ಸಾರಜನಕ ಸಾಲದೆ ಬಿಳಚಿಕೊಂಡಿತು. ಬಣ್ಣಗೆಟ್ಟ ನೋರಿಗೆ ಬೆಲೆಯಿಲ್ಲ. ಮೀನಿನ ಇಳುವರಿಯೂ ಕುಗ್ಗಿತ್ತು. ಅದಕ್ಕೆ ಪೋಷಕಾಂಶದ ಕೊರತೆಯಷ್ಟೇ ಕಾರಣವೆನ್ನಲಾಗದು, ಮರಿಮೀನುಗಳ ತೊಟ್ಟಿಲಾದ ಕಡಲಹುಲ್ಲಿನ ಬಯಲುಗಳೂ ಆ ವೇಳೆಗೆ ಅಳಿದಿದ್ದವು. ಓಕಾಯಾಮ ಪ್ರಾಂತದ ಹಿನಾಸೆಯಲ್ಲಿ ಒಮ್ಮೆ ಸುಮಾರು 590 ಹೆಕ್ಟೇರುಗಳಷ್ಟಿದ್ದ ಆ ಹುಲ್ಲು 1985ರ ಹೊತ್ತಿಗೆ 12 ಹೆಕ್ಟೇರಿಗೆ ಇಳಿದಿತ್ತು. ಅಲ್ಲಿಯ ಬೆಸ್ತರು ಆ ವರ್ಷದಿಂದ ಹುಲ್ಲಿನ ಬೀಜಗಳನ್ನು ಆಯ್ದು ಕಡಲಿನಲ್ಲಿ ಬಿತ್ತತೊಡಗಿದರು. ಮೂರು ದಶಕಗಳ ದುಡಿಮೆಯಿಂದ ಹುಲ್ಲು 200 ಹೆಕ್ಟೇರುಗಳನ್ನು ಮೀರಿ ಹಬ್ಬಿತು.

2021ರಲ್ಲಿ ಶಾಸನವೇ ತಿದ್ದುಪಡಿಯಾಯಿತು. ಗೊತ್ತುಪಡಿಸಿದ ಸ್ಥಳಗಳಲ್ಲಿ, ನೀರಿನ ಗುಣವನ್ನು ಪರೀಕ್ಷಿಸುತ್ತ, ಅಳತೆಯರಿತು ಕಡಲಿಗೆ ಪೋಷಕಾಂಶಗಳನ್ನು ಒದಗಿಸಲು ಪ್ರಾಂತಗಳಿಗೆ ಅವಕಾಶ ದೊರೆಯಿತು. ಅವಾಜಿ ದ್ವೀಪದಲ್ಲಿ ರೈತರೂ ಬೆಸ್ತರೂ ಜೊತೆಗೂಡಿ, ಬೇಸಾಯದ ಕೆರೆಗಳ ತಳದ ಕೆಸರನ್ನು ಕಲಕಿ, ಆ ನೀರನ್ನು ಕಡಲಿಗೆ ಹರಿಯಬಿಡುತ್ತಾರೆ.