ಎಲ್ಲರ ಭಾಷೆಯೋ, ಕಂಪನಿಯ ಭಾಷೆಯೋ?

ಗಣಕಯಂತ್ರಕ್ಕೆ ಆಜ್ಞೆಯನ್ನೀಯುವ ಭಾಷೆಗಳಲ್ಲಿ ಸಿ ಪ್ಲಸ್ ಪ್ಲಸ್ ಪ್ರಮುಖವಾದುದು. ಮಾಹಿತಿಯನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ‘ಆಬ್ಜೆಕ್ಟ್’ ಎಂಬ ಒಂದೇ ಘಟಕದಲ್ಲಿ ಕೂಡಿಸುವುದು ಇಂಥ ಭಾಷೆಗಳ ಲಕ್ಷಣ. ೧೯೭೯ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಬಿಯಾರ್ನೆ ಸ್ಟ್ರೌಸ್ಟ್ರಪ್ ಎಂಬವರು ಇದರ ಕೆಲಸವನ್ನಾರಂಭಿಸಿದರು. ೧೯೯೮ರಲ್ಲಿ ಐಎಸ್‌ಒ ಸಂಸ್ಥೆಯು ಇದರ ಮಾನಕವನ್ನು ಪ್ರಕಟಿಸಿತು. ಮಾನಕವೆಂದರೆ ಎಲ್ಲರೂ ಒಪ್ಪಿದ ವ್ಯಾಕರಣ. ಯಾವೊಂದು ಕಂಪನಿಯೂ ತಾನೇ ಅದನ್ನು ತಿದ್ದಲಾರದು.

ಆದರೆ ಕಂಪನಿಗಳು ತಮ್ಮವೇ ಸೇರ್ಪಡೆಗಳನ್ನು ಮಾಡುವುದುಂಟು. ಮೈಕ್ರೋಸಾಫ್ಟ್ ಕಂಪನಿಯು ೨೦೦೨ರಲ್ಲಿ ತನ್ನ ಡಾಟ್ ನೆಟ್ ವ್ಯವಸ್ಥೆಗಾಗಿ ‘ಮ್ಯಾನೇಜ್ಡ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ತಂದಿತು. ಬಳಸಿ ಮುಗಿದ ಸ್ಮೃತಿಯನ್ನು ತೆರವು ಮಾಡುವ ಹೊರೆಯನ್ನು ಅದು ತಾನೇ ವಹಿಸಿಕೊಂಡಿತು. ಈ ಸೌಕರ್ಯ ಅಲ್ಪವಲ್ಲ. ಆದರೆ ೨೦೦೫ರಲ್ಲಿ ಅದೇ ಕಂಪನಿಯು ಅದರ ಸ್ಥಾನದಲ್ಲಿ ‘ಸಿ ಪ್ಲಸ್ ಪ್ಲಸ್ ಸಿಎಲ್‌ಐ’ ಎಂಬ ಬೇರೆ ಕ್ರಮವನ್ನು ತಂದಿತು. ಮೂರೇ ವರ್ಷಗಳಲ್ಲಿ ಕಲಿತದ್ದು ಹಳತಾಯಿತು. ಹೊಸ ಕ್ರಮಕ್ಕೆ ಬರಬಯಸಿದವರು ಬರೆದುದನ್ನು ತಿದ್ದಬೇಕಾಯಿತು.

ಹಾಗೆಂದು ಸೇರ್ಪಡೆಗಳು ತ್ಯಾಜ್ಯವೇನಲ್ಲ. ಪ್ರೋಗ್ರಾಮಿನ ತಿರುಳನ್ನು ಮಾನಕ ಭಾಷೆಯಲ್ಲಿ ಬರೆದು, ಕಂಪನಿಯ ವ್ಯವಸ್ಥೆಯೊಡನೆ ವ್ಯವಹರಿಸುವ ಕೆಲವೇ ಕಡತಗಳಲ್ಲಿ ಸೇರ್ಪಡೆಯನ್ನು ಬಳಸುವುದು ಜಾಣತನ. ಮನೆತನದಲ್ಲಿ ಮೊದಲಿಗರಾಗಿ ಪದವಿ ಪಡೆಯುತ್ತಿರುವ ನಮ್ಮಂಥವರಿಗೆ ಎರಡೆರಡು ಬಾರಿ ಕಲಿಯಲು ಕಾಲವೂ ಇಲ್ಲ, ಹಣವೂ ಇಲ್ಲ. ಆದುದರಿಂದ ಮೊದಲು ಮಾನಕವನ್ನು ಕಲಿಯೋಣ. ಕೆಲಸ ಕೊಡುವ ಕಂಪನಿ ಬದಲಾದರೂ ಆ ವಿದ್ಯೆ ನಮ್ಮೊಡನೆ ಬರುವುದು.